ಜಂಬೆ ಕಾಯಿ ಸಿಡಿಯುವ ಮೊದಲೇ ಕೊಯ್ಯಬೇಕು

ಶಿರಸಿ ಕಡೆಯ ನಮ್ಮ ಮನೆಯ ಜಗಲಿ ಕಂಬಗಳು ಅಜ್ಜನ ಕಾಲದ ಜಂಬೆ ಮರದವು. ಗೆದ್ದಲು ಇವತ್ತಿಗೂ ಹತ್ತಿರ ಸುಳಿದಿಲ್ಲ. ಒಮ್ಮೆ ಗಡಿಯಾರ ನೇತುಹಾಕೋಣ ಅಂತ ಹೋಗಿ ಮೂರು ಮೊಳೆ ಬಗ್ಗಿಸಿದೆ. ಆಚಾರಿ ನೋಡಿ ನಕ್ಕರು. "ಜಂಬೆಗೆ ಮೊದಲು ಬೈರಿಗೆ ಹಾಕ್ಬೇಕು ಹೆಗ್ಡೇರೆ, ಆಮೇಲೆ ಮೊಳೆ." ಬರ್ಮಾದಲ್ಲಿ ಇದೇ ಮರವನ್ನು ರೈಲು ಹಳಿಯ ಅಡಿಗೆ ಹಾಸುತ್ತಿದ್ದರು. ಸುಮ್ನೆ ಅಲ್ಲ!

ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ದೊಡ್ಡ ಜಂಬೆ ಎರಡೇ ಉಳಿದಿದ್ದವು. ಸಸಿ ಮಾಡೋಣ ಅಂತ ಹೊರಟೆ. ಮೊದಲ ವರ್ಷ ಹೋದದ್ದೇ ತಡವಾಗಿ. ಮರದಡಿ ಬಿದ್ದಿದ್ದೆಲ್ಲ ಸುರುಳಿ ಸುತ್ತಿದ ಖಾಲಿ ಸಿಪ್ಪೆ. ಬಿಸಿಲೇರಿದ ಹಾಗೆ ಕಾಯಿ ಟಪ್ಪೆಂದು ಒಡೆದು ಬೀಜವನ್ನು ದೂರ ಎಸೆಯುತ್ತದೆ.

ಮರುವರ್ಷ ಬೇಗ ಹೋಗಿ, ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ದೋಟಿಯಿಂದ ಕೊಯ್ದೆ. ಗೇಣುದ್ದ, ಕತ್ತಿಯ ಹಾಗೆ ಬಾಗಿದ ಚಪ್ಪಟೆ ಕಾಯಿ. ಕೈಯಲ್ಲಿ ಹಿಡಿದರೆ ಹಲಗೆ ಚೂರೇ. ಅಂಗಳದಲ್ಲಿ ಹರವಿ ಊಟಕ್ಕೆ ಹೋದೆ. ಮಧ್ಯಾಹ್ನ ಒಂದೊಂದೇ ಸಿಡಿಯತೊಡಗಿ ಬೀಜ ಹಂಚಿನ ಮೇಲೆ, ಬಾವಿಕಟ್ಟೆಯ ಮೇಲೆ, ನಾಯಿಯ ಮೇಲೆ! ಆಮೇಲಿಂದ ಹಳೆಯ ಸೊಳ್ಳೆಪರದೆ ಮುಚ್ಚಿ ಒಣಗಿಸುತ್ತೇನೆ.

ಬೀಜ ಕಂದು, ನುಣುಪು, ಹೊಳಪು. ಇದನ್ನು ಜಾಸ್ತಿ ದಿನ ಇಡಬಾರದು. ರಾತ್ರಿ ನೀರಲ್ಲಿ ನೆನೆಸಿ ಬೆಳಗ್ಗೆ ಮಣ್ಣು ತುಂಬಿದ ಚೀಲಗಳಿಗೆ ಹಾಕಿದೆ. ಹತ್ತು ದಿನದೊಳಗೆ ಮೊಳಕೆ. ಇಷ್ಟು ಸಲೀಸಾ ಅಂದುಕೊಂಡೆ. ಆದರೆ ತಾಯಿಬೇರು ಬಲು ಅವಸರದ್ದು. ಮಳೆಗಾಲದಲ್ಲಿ ನೆಡಲು ಚೀಲ ಎತ್ತಿದರೆ ಬೇರು ತಳ ತೂತು ಮಾಡಿ ನೆಲಕ್ಕಿಳಿದಿತ್ತು. ಎಳೆದಾಗ ತುಂಡಾದವು. ಅಂಥ ಗಿಡ ಒಂದೂ ಬದುಕಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸುತ್ತೇನೆ. ಒಂದಷ್ಟು ಬೀಜವನ್ನು ಮೊದಲ ಮಳೆಗೆ ನೇರ ಬೆಟ್ಟದಲ್ಲೇ ಊರುತ್ತೇನೆ. ನನ್ನ ಕಣ್ಣಿಗೆ ಆ ಗಿಡಗಳೇ ಗಟ್ಟಿ. ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಇಡುವುದೊಂದೇ ಕೆಲಸ.

"ನಾಟಾಕ್ಕಾ?" ಅಂತ, ಅಂದರೆ ಮರಮುಟ್ಟಿಗಾ ಅಂತ ಕೇಳುತ್ತಾರೆ. ಬೆಟ್ಟದಲ್ಲಿ ನಮಗಿರುವುದು ಸೊಪ್ಪಿನ ಹಕ್ಕು, ಮರ ಕಡಿಯುವ ಹಕ್ಕಲ್ಲ. ನನಗೆ ತೋಟಕ್ಕೆ ಸೊಪ್ಪು ಬೇಕು, ಜೇನಿಗೆ ಹೂವು ಬೇಕು. ಜಾಲಿ ಹೂವಿನ ಹಾಗೆ ಉಂಡೆಯುಂಡೆ ಹೂ ಬಿಟ್ಟಾಗ ಮರದಡಿ ನಿಂತರೆ ಜೇನಿನ ಗುಂಯ್‌ ಸದ್ದೇ ಸದ್ದು. ಖಾಲಿ ಸಿಪ್ಪೆಯೂ ದಂಡವಲ್ಲ. ಬಚ್ಚಲ ಒಲೆಗೆ ಒಂದು ಬುಟ್ಟಿ ಹಾಕಿದರೆ ಹಂಡೆ ನೀರು ಕಾಯುತ್ತದೆ.