ಹಿಡಿ ಅಕ್ಕಿಯಿಂದ ಶುರು: ಕೈ ಬಿಗಿಯಿದ್ದಾಗ ಕೊಡುವುದು ಹೇಗೆ?

ಮಂಡ್ಯದ ನಮ್ಮ ಮನೆಯಲ್ಲಿ ಅಜ್ಜಿ ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಮೂಲೆಯ ಮಡಕೆಗೆ ಹಾಕುತ್ತಿದ್ದರು. ನಾಲೆಗೆ ನೀರು ಬಿಡದ ವರ್ಷ, ಗದ್ದೆ ಒಣಗಿ ಅಂಗಡಿಯಿಂದ ಅಕ್ಕಿ ತಂದು ಉಣ್ಣುತ್ತಿದ್ದಾಗಲೂ ಆ ಹಿಡಿ ತಪ್ಪಲಿಲ್ಲ. "ಒಲೆ ಮೇಲ್ ಇಡೋಕ್ ಮುಂಚೆ ತೆಗೀಬೇಕು ಕಣವ್ವ. ಉಂಡು ಉಳುದ್ರೆ ಕೊಡ್ತೀನಿ ಅಂದ್ರೆ ಯಾವತ್ತೂ ಉಳಿಯಕಿಲ್ಲ" ಅನ್ನುತ್ತಿದ್ದರು. ಸಂಬಳ ಇಪ್ಪತ್ತನೇ ತಾರೀಕಿಗೇ ಕರಗುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಇನ್ನೂ ಸಿಕ್ಕಿಲ್ಲ.

ಹಂತ 1: ಮೊದಲೇ ತೆಗೆದಿಡಿ

ಒಂದು ಹಿಡಿ ಅಂದರೆ ಸುಮಾರು 40 ಗ್ರಾಂ. ದಿನಕ್ಕೊಂದು ಹಿಡಿಯಾದರೂ ತಿಂಗಳಿಗೆ ಒಂದು ಕೆಜಿ ದಾಟುತ್ತದೆ. ರಾಗಿಯಾದರೂ ಸರಿ, ಬೇಳೆಯಾದರೂ ಸರಿ. ಡಬ್ಬಿಗೆ ಒಣಗಿದ ಬೇವಿನ ಎಲೆ ಹಾಕಿಡಿ, ಎರಡು ತಿಂಗಳೊಳಗೆ ತಲುಪಿಸಿಬಿಡಿ. ಹುಳು ಬಿದ್ದ ಅಕ್ಕಿಯನ್ನು ನಾವು ಉಣ್ಣುವುದಿಲ್ಲ ಎಂದರೆ ಇನ್ನೊಬ್ಬರಿಗೂ ಕೊಡಬಾರದು.

ಹಣವಾದರೆ ದಿನಕ್ಕೆ ಎರಡು ರೂಪಾಯಿ, ವರ್ಷಕ್ಕೆ ₹730. ಸಂಬಳ ಬಂದ ಮರುದಿನವೇ ₹50 ಹೋಗುವಂತೆ ಯುಪಿಐ ಆಟೋಪೇ ಹಾಕಿಕೊಳ್ಳಬಹುದು, ಕಷ್ಟವಾದ ತಿಂಗಳು ಆ್ಯಪ್‌ನಲ್ಲೇ ನಿಲ್ಲಿಸಬಹುದು. ವೃದ್ಧಾಶ್ರಮ, ಅನಾಥಾಶ್ರಮಗಳಿಗೆ ಗ್ಯಾಸು, ಕರೆಂಟು ಬಿಲ್ಲು ಪ್ರತಿ ತಿಂಗಳೂ ಬರುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಚಿಕ್ಕ ಮೊತ್ತವನ್ನು ನಂಬಿ ಅವರು ಲೆಕ್ಕ ಹಾಕಬಲ್ಲರು.

ಆದರೆ ಸಾಲ ಮಾಡಿ ದಾನ ಬೇಡ. ಕೈಸಾಲಕ್ಕೆ ಬಡ್ಡಿ ಕಟ್ಟುತ್ತಿರುವವರು ಹಣದ ಮಾತು ಬಿಟ್ಟು ನೇರ ಕೊನೆಯ ಹಂತಕ್ಕೆ ಬನ್ನಿ.

ಹಂತ 2: ಕೇಳಿ, ಆಮೇಲೆ ಕೊಡಿ

ಕೆಲವು ವರ್ಷಗಳ ಹಿಂದೆ ಮನೆಯ ಹಳೆ ಬಟ್ಟೆಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಎರಡು ಗಂಟು ಕಟ್ಟಿ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಒಯ್ದಿದ್ದೆ. ಅಲ್ಲಿನ ಮೇಲ್ವಿಚಾರಕಿ ಏನೂ ಹೇಳದೆ ಒಂದು ಕೋಣೆಯ ಬಾಗಿಲು ತೆರೆದು ತೋರಿಸಿದರು. ಸೂರಿನವರೆಗೂ ಹಳೆ ಬಟ್ಟೆ. "ನಮಗೆ ಬೇಕಿರೋದು ಬಟ್ಟೆ ಸೋಪು, ಪ್ಯಾಡು, ಫಿನಾಯಿಲು ಮೇಡಂ. ಅದನ್ನ ಯಾರೂ ತರಲ್ಲ" ಅಂದರು. ಆ ಮೂರಕ್ಕೂ ಸೇರಿ ನನ್ನ ಆಟೋ ಬಾಡಿಗೆಗಿಂತ ಹೆಚ್ಚು ಖರ್ಚಾಗುತ್ತಿರಲಿಲ್ಲ. ಅಂದಿನಿಂದ ಹೋಗುವ ಮುಂಚೆ ಫೋನು ಮಾಡುತ್ತೇನೆ. ಕೇಳುವುದು ಎರಡೇ ಪ್ರಶ್ನೆ: ಈ ವಾರ ಯಾವುದು ಮುಗಿದಿದೆ? ಯಾವುದು ಸಾಕಷ್ಟಿದೆ? ಎರಡನೆಯದನ್ನು ಮರೆಯಬೇಡಿ, ಸಂಕೋಚಪಟ್ಟು ಅವರಾಗಿ ಹೇಳುವುದಿಲ್ಲ.

ಸರ್ಕಾರಿ ಶಾಲೆಗಾದರೆ ಮುಖ್ಯ ಶಿಕ್ಷಕರನ್ನೋ ಎಸ್‌ಡಿಎಂಸಿಯವರನ್ನೋ (ಶಾಲೆಯ ಅಭಿವೃದ್ಧಿ ಸಮಿತಿ) ಕೇಳಿ. ಬಿಸಿಯೂಟ ಹೇಗೂ ಸಿಗುತ್ತದೆ. ವರ್ಷದ ನಡುವೆ ಮುಗಿಯುವುದು ನೋಟ್‌ಬುಕ್ಕು, ಪೆನ್ಸಿಲ್ಲು.

ಹಂತ 3: ಯಾರೂ ಬಾರದ ದಿನ ಹೋಗಿ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲೂ ಮೈಸೂರಿನ ಬೀದಿಬೀದಿಗಳಲ್ಲೂ ಪ್ರಸಾದಕ್ಕೆ ಬರವಿಲ್ಲ. ದಸರೆ, ಯುಗಾದಿಗೆ ಆಶ್ರಮಗಳಲ್ಲಿ ಸಿಹಿಯ ಮೇಲೆ ಸಿಹಿ. ಆದರೆ ಹಬ್ಬವಿಲ್ಲದ ಯಾವುದೋ ತಿಂಗಳ ಕೊನೆಯ ಒಂದು ಮಂಗಳವಾರ ಹೇಗಿರುತ್ತದೆ, ಯೋಚಿಸಿ ನೋಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಎಚ್.ಡಿ. ಕೋಟೆ, ಚಾಮರಾಜನಗರದ ಕಡೆಯಿಂದ ರೋಗಿಗಳ ಜೊತೆ ಬಂದವರು ಹೊರಗೆ ಚಾಪೆ ಹಾಸಿ ದಿನಗಟ್ಟಲೆ ಕಾಯುತ್ತಾರೆ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ ₹5, ಊಟಕ್ಕೆ ₹10. ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಊಟ ಕೊಡಿಸಿದರೂ ಇಪ್ಪತ್ತು ರೂಪಾಯಿ. ಜೊತೆಗೆ ಕೂತು ಉಣ್ಣಿ, ಫೋಟೊ ಬೇಡ.

ಹಂತ 4: ಕ್ಯೂಆರ್ ಕೋಡ್ ನಂಬುವ ಮುಂಚೆ

ಪಿನ್ ಒತ್ತುವ ಮುಂಚೆ ತೆರೆಯ ಮೇಲೆ ಬರುವ ಹೆಸರು ಓದಿ. ಸಂಸ್ಥೆಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ನಿಲ್ಲಿಸಿ. ನೀತಿ ಆಯೋಗದ 'ದರ್ಪಣ' ಜಾಲತಾಣದಲ್ಲಿ ನೋಂದಾಯಿತ ಸಂಸ್ಥೆಗಳನ್ನು ಹುಡುಕಬಹುದು. ಐವತ್ತು ರೂಪಾಯಿಗೂ ರಸೀದಿ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಹಂತ 5: ಹಣವೇ ಇಲ್ಲದಿದ್ದರೆ

18ರಿಂದ 65 ವರ್ಷದೊಳಗಿನ, 45 ಕೆಜಿಗೆ ಕಡಿಮೆಯಿಲ್ಲದ, ಹಿಮೋಗ್ಲೋಬಿನ್ ಕನಿಷ್ಠ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಒಂದೇ ಚೀಲ ಮೂವರಿಗಾಗುತ್ತದೆ. ಬೇಸಿಗೆ ರಜೆಯಲ್ಲಿ ಕಾಲೇಜುಗಳ ಶಿಬಿರ ನಿಂತಿರುತ್ತದೆ, ನಿಮ್ಮ ಸರದಿಯನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳಿ.

ಇನ್ನು ಕಣ್ಣು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ಎಷ್ಟೋ ಜನ ಅರ್ಜಿ ತುಂಬಿದರು. ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಆದರೆ ಆ ಗಳಿಗೆಯಲ್ಲಿ ಫೋನು ಮಾಡಬೇಕಾದವರು ಮನೆಯವರು. ಆದ್ದರಿಂದ ಇವತ್ತೇ, ಊಟಕ್ಕೆ ಕೂತಾಗ, ಅವರಿಗೆ ಹೇಳಿಡಿ: ಉಸಿರು ನಿಂತ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟು, ಫ್ಯಾನು ಆರಿಸಬೇಕು.