ಮೂರು ಎಕರೆ ತೊಗರಿ: ಖರ್ಚು ಏರಿಸಲಿಲ್ಲ, ಹೊತ್ತು ಬದಲಿಸಿದೆ

ತೊಗರಿ ಬೆಳೆಯುವವರು ಎದುರಾದರೆ ಮೊದಲ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಬಂತು? ಒಂದು ಕ್ವಿಂಟಾಲ್ ಬೆಳೆಯಲು ಎಷ್ಟು ಆಳು, ಎಷ್ಟು ಔಷಧ ಬಿತ್ತು ಅಂತ ಯಾರೂ ಕೇಳುವುದಿಲ್ಲ. ನನ್ನದು ಮೂರು ಎಕರೆ, ಮಳೆಯಾಶ್ರಿತ. ಹೊಲ ದೊಡ್ಡದು ಮಾಡಲು ಆಗುವುದಿಲ್ಲ, ಹಾಗಾಗಿ ನಾನು ಎರಡನೇ ಲೆಕ್ಕವನ್ನೇ ಬರೆದಿಡಲು ಶುರು ಮಾಡಿದೆ.

ಪುಸ್ತಕ ತಿರುವಿದಾಗ ಒಂದು ವಿಷಯ ಎದ್ದು ಕಂಡಿತು. ದುಡ್ಡು ಜಾಸ್ತಿ ಹೋಗಿದ್ದು ತಡವಾಗಿ ಮಾಡಿದ ಕೆಲಸಗಳಿಗೆ.

ಕಳೆಯನ್ನೇ ನೋಡಿ. ತೊಗರಿ ಮೊದಲ ಎರಡು ತಿಂಗಳು ಬಲು ನಿಧಾನವಾಗಿ ಏಳುತ್ತದೆ. ಕಳೆಗೆ ಅದೇ ಬೇಕು. ಮೂರನೇ ವಾರಕ್ಕೆ ಎಡೆಕುಂಟೆ (ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ) ಹೊಡೆದರೆ ಅರ್ಧ ದಿನದ ಕೆಲಸ. ಅದನ್ನೇ ಮುಂದಕ್ಕೆ ಹಾಕಿದರೆ ಕುಂಟೆ ಓಡುವುದಿಲ್ಲ, ಆಳು ಹಚ್ಚಿ ಕೈಯಲ್ಲೇ ಕೀಳಬೇಕು. ಈಗ ಸಾಲಿನ ನಡುವೆ ಹೆಸರುಕಾಳು ಹಾಕುತ್ತೇನೆ. ತೊಗರಿ ಹರಡುವ ಹೊತ್ತಿಗೆ ಅದು ಕೊಯ್ಲಿಗೆ ಬಂದಿರುತ್ತದೆ, ಖಾಲಿ ಜಾಗದಲ್ಲಿ ಕಳೆ ಏಳಲು ಬಿಡುವುದೂ ಇಲ್ಲ.

ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಹಚ್ಚುತ್ತೇನೆ; ಇದು ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಜೀವಾಣು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ, ಒಣಗಿಸುವುದು ನೆರಳಲ್ಲಿ. ಬಿಸಿಲಿಗೆ ಹರವಿದರೆ ಜೀವಾಣು ಸಾಯುತ್ತವೆ, ಹಚ್ಚಿದ್ದು ಸುಮ್ನೆ ಹೋಯಿತು. ಕೆಲಸ ಆಯಿತೋ ಇಲ್ಲವೋ ನೋಡಲು ತಿಂಗಳು ದಾಟಿದ ಮೇಲೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸುತ್ತೇನೆ. ಬೇರಿನ ಗಂಟನ್ನು ಉಗುರಲ್ಲಿ ಸೀಳಬೇಕು. ಒಳಗೆ ನಸುಗೆಂಪು ಇದ್ದರೆ ಗಿಡ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತಿದೆ ಅಂತ ಅರ್ಥ. ಆಮೇಲೆ ಯೂರಿಯಾ ಯಾಕೆ ಬೇಕು? ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ (ರಂಜಕ ಹೆಚ್ಚಿರುವ ಗೊಬ್ಬರ) ಕೊಡುತ್ತೇನೆ, ಅಷ್ಟೇ. ಜಾಸ್ತಿ ಸಾರಜನಕ ಕೊಟ್ಟರೆ ಬರೀ ಸೊಪ್ಪು ಬೆಳೆಯುತ್ತದೆ.

45–50 ದಿನಕ್ಕೆ ಕುಡಿ ಚಿವುಟುತ್ತೇನೆ. ತುದಿಯ ಎರಡು ಇಂಚು ಹೋದರೆ ಪಕ್ಕದ ಟೊಂಗೆ ಒಡೆಯುತ್ತವೆ, ಟೊಂಗೆ ಹೆಚ್ಚಿದಷ್ಟು ಹೂವು. ಇದಕ್ಕೆ ಆಳು ಬೇಕು ನಿಜ. ಆದರೆ ಎಲ್ಲ ಖರ್ಚಿನಲ್ಲೂ ನಾನು ಕಣ್ಣುಮುಚ್ಚಿ ಮಾಡುವ ಖರ್ಚು ಇದೊಂದೇ.

ಇನ್ನು ಕಾಯಿಕೊರಕ, ಅಂದರೆ ಕಾಯಿ ಕೊರೆದು ಕಾಳು ತಿನ್ನುವ ಹುಳು. ಮೊದಲೆಲ್ಲ ಪಕ್ಕದ ಹೊಲದಲ್ಲಿ ಔಷಧದ ಪಂಪಿನ ಸದ್ದು ಕೇಳಿದರೆ ನಾವೂ ಹೊಡೆಯುತ್ತಿದ್ದೆವು. ಎಲ್ಲ ಕಡೆ ಇದೇ ಕಥೆ ಅಲ್ವಾ? ಈಗ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಇಡುತ್ತೇನೆ. ಬಲೆಗೆ ಪತಂಗ ಬೀಳಲು ಶುರುವಾದರೆ ಮರುದಿನದಿಂದಲೇ ಹೂಗೊಂಚಲು ಬಿಡಿಸಿ ನೋಡುತ್ತೇನೆ. ಮೊಟ್ಟೆ, ಎಳೆ ಮರಿ ಕಂಡಾಗಲೇ ಬೇವಿನ ಬೀಜದ ಕಷಾಯ ಹೊಡೆಯಬೇಕು. ಹುಳು ಬೆರಳುದ್ದ ಆದ ಮೇಲೆ ಕಷಾಯವಿರಲಿ, ದುಬಾರಿ ಔಷಧಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಆಗ ಉಳಿಯುವುದು ಹಳೇ ದಾರಿ: ಗಿಡದ ಕೆಳಗೆ ತಾಡಪಾಲು ಹಾಸಿ, ಬಗ್ಗಿಸಿ ಅಲ್ಲಾಡಿಸುವುದು. ಹುಳು ಪಟಪಟ ಉದುರುತ್ತವೆ. ಸಣ್ಣ ಹೊಲವಾದ್ದರಿಂದ ಮನೆಯವರೇ ಸೇರಿ ಮುಗಿಸಬಹುದು.

ಗಿಡ ಬಾಡಿ ಒಣಗುವ ನೆಟೆ ರೋಗಕ್ಕೆ ಮಾತ್ರ ಹೊಡೆಯುವ ಔಷಧ ಹುಡುಕುವುದನ್ನೇ ಬಿಟ್ಟೆ. ಒಣಗಿದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಈ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ರೋಗ ತಡೆಯುವ ತಳಿ ಹಾಕುವುದು, ಮಧ್ಯೆ ಜೋಳ ಬೆಳೆದು ಜಾಗ ಬದಲಿಸುವುದು, ಇವೆರಡೇ ನಾನು ಹಿಡಿದಿರುವ ದಾರಿ.

ನೂರಕ್ಕೆ 80 ಕಾಯಿ ಕಂದು ತಿರುಗಿದರೆ ಕೊಯ್ಲು, ಅದೂ ಬೆಳಗಿನ ತಂಪಿನಲ್ಲಿ. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಹೊಲಕ್ಕೇ ಬೀಳುತ್ತದೆ. ರಾಶಿ ಆದ ಮೇಲೆ ಒಂದು ಕಾಳು ಹಲ್ಲಲ್ಲಿ ಕಡಿದು ನೋಡಿ. ಕಟಕ್ ಎಂದು ಒಡೆದರೆ ಚೀಲ ಕಟ್ಟಬಹುದು, ಮೆತ್ತಗೆ ನಗ್ಗಿದರೆ ಇನ್ನೂ ಬಿಸಿಲು ಬೇಕು.