ಕೊಳೆ ಔಷಧಿ ಮತ್ತು ನನ್ನ ಎಡಗಣ್ಣು

ಗದ್ದೆಗೆ ಹೊಡೆಯುವುದನ್ನು, ಕಳೆಗೆ ಹೊಡೆಯುವುದನ್ನು ನಮ್ಮ ತೀರ್ಥಹಳ್ಳಿ ಕಡೆ ವಿಷ ಅನ್ನುತ್ತೇವೆ. ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾತ್ರ ಔಷಧಿ. ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಸುಣ್ಣ, ನೀರು, ಅಷ್ಟೇ ಅಲ್ವಾ? ನಾನೂ 20 ವರ್ಷ ಬರಿಗೈಯಲ್ಲೇ ಕಲಸಿದವನು. ಉಗುರು ವಾರಗಟ್ಟಲೆ ನೀಲಿಯಾಗಿರುತ್ತಿತ್ತು. ಅದೇ ಬೆರಳಲ್ಲಿ ಎಲೆಗೆ ಸುಣ್ಣ ಹಚ್ಚಿ ಕವಳ ಹಾಕುತ್ತಿದ್ದೆ.

ಆ ವರ್ಷ ರೋಹಿಣಿ ಮಳೆ ಮುಗಿಯುತ್ತಾ ಬಂದಿತ್ತು. ಮೋಡ ಕಟ್ಟಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಂದು ಜಗಲಿ ಮೇಲೆ ಕೂತಿದ್ದ. ಅವನು ಸಿಕ್ಕುವುದೇ ಕಷ್ಟ, ಹಾಗಾಗಿ ನನಗೆ ಅವಸರ. ಬಕೆಟ್ಟಿಗೆ ಎರಡು ಕೇಜಿ ಸುಟ್ಟ ಸುಣ್ಣ ಹಾಕಿ ಒಂದು ಕೊಡ ನೀರನ್ನು ಒಟ್ಟಿಗೇ ಸುರಿದೆ. ಸದ್ದೇ ಇಲ್ಲ. ಯಾಕೆ ಅರಳಲಿಲ್ಲ ಅಂತ ಬಗ್ಗಿ ನೋಡಿದೆ. ಒಳಗೊಂದು ಹೆಂಟೆ ಫಟ್ ಅಂತ ಒಡೆಯಿತು. ಕುದಿಯುವ ಸುಣ್ಣದ ನೀರು ನೇರವಾಗಿ ಎಡಗಣ್ಣಿಗೆ.

ಕೈ ತಾನಾಗಿಯೇ ಕಣ್ಣಿಗೆ ಹೋಯಿತು, ಉಜ್ಜಿಬಿಟ್ಟೆ. ಅದೇ ತಪ್ಪು. ಅಮ್ಮ ಮಜ್ಜಿಗೆ ತಂದರು, ಸುಣ್ಣಕ್ಕೆ ಹುಳಿ ಮದ್ದು ಅಂತ. ಹೆಂಡತಿ ಅದನ್ನು ಆಚೆ ಇಟ್ಟು, ನನ್ನ ತಲೆ ಹಿಡಿದು, ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಪೈಪಿನ ಕೆಳಗೆ ಬಗ್ಗಿಸಿದಳು. ಬೇಸಿಗೆ ಮುಗಿದಿರಲಿಲ್ಲವಾದ್ದರಿಂದ ನೀರು ಸಣ್ಣಗೆ ಬೀಳುತ್ತಿತ್ತು. ಅದೇ ಒಳ್ಳೆಯದಾಯಿತು. ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದು ಅರ್ಧ ಗಂಟೆ ಬಿಡಲಿಲ್ಲ. "ಸಾಕು ಬಿಡೇ" ಅಂದರೆ "ಸುಮ್ನಿರಿ" ಅಂದಳು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಮೇಲಿನ ರೆಪ್ಪೆ ಮಗುಚಿ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂದು ಬಿಳಿ ಕಾಳು ತೆಗೆದರು. ಸಾಸಿವೆಗಿಂತ ಚಿಕ್ಕದು. ಅದು ಅಲ್ಲೇ ಕೂತಿದ್ದರೆ ಕಣ್ಣನ್ನು ಸುಡುತ್ತಲೇ ಇರುತ್ತಿತ್ತಂತೆ. ಸುಣ್ಣದಂಥ ಕ್ಷಾರ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ, ತೊಳೆದದ್ದರಿಂದ ಕಣ್ಣು ಉಳಿಯಿತು ಅಂದರು. ಮಜ್ಜಿಗೆಯ ವಿಷಯ ಹೇಳಿದ್ದಕ್ಕೆ ನನಗೇ ಬೈದರು. ಹುಳಿಯೂ ಬೇಡ, ಎಣ್ಣೆಯೂ ಬೇಡ, ಬರೀ ನೀರು, ಅದೂ ತಕ್ಷಣ. ತೊಳೆಯದೆ ಕಾರು ಹತ್ತಿ ಹೊರಟಿದ್ದರೆ ತೀರ್ಥಹಳ್ಳಿಯಿಂದ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಅರ್ಥವಾಗಿದ್ದು ಇಷ್ಟು. ಬೋರ್ಡೋದಲ್ಲಿ ಅಪಾಯ ಜಾಸ್ತಿ ಇರುವುದು ಬೆರೆಸಿದ ಮೇಲಲ್ಲ, ಬೆರೆಸುವ ಮುಂಚೆ. ಸುಣ್ಣ ಒಂದು ಕಡೆಯಿಂದ ಸುಡುತ್ತದೆ, ಮೈಲುತುತ್ತದ ನೀರು ಇನ್ನೊಂದು ಕಡೆಯಿಂದ. ಎರಡೂ ಸರಿಯಾಗಿ ಸೇರಿದರೆ ಒಂದರ ಖಾರ ಇನ್ನೊಂದು ಇಳಿಸುತ್ತದೆ.

ಈಗ ಸುಣ್ಣವನ್ನು ಹಿಂದಿನ ಸಂಜೆಯೇ ಅರಳಿಸುತ್ತೇನೆ. ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ದೂರ ನಿಂತು, ಮುಖಕ್ಕೆ ಕನ್ನಡಕ ಹಾಕಿಕೊಂಡು. ವೆಲ್ಡಿಂಗ್ ಅಂಗಡಿಯವರು ಗ್ರೈಂಡಿಂಗಿಗೆ ಹಾಕುವಂಥ, ಸುತ್ತಲೂ ಮುಚ್ಚಿದ ಪ್ಲಾಸ್ಟಿಕ್ ಕನ್ನಡಕ. ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡ್ರಮ್ಮಿನ ನೀರಿನ ಮೇಲ್ಭಾಗದಲ್ಲಿ ರಾತ್ರಿ ನೇತು ಹಾಕುತ್ತೇನೆ. ಕರಗಿದ ನೀಲಿ ನೀರು ಭಾರ, ತಾನಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಗಂಟು ಖಾಲಿ. ಕೈಯಲ್ಲಿ ಕದಡುವ ಕೆಲಸವೂ ಇಲ್ಲ, ಕುಟ್ಟಿ ಪುಡಿ ಮಾಡಿ ಅದರ ಧೂಳು ಕುಡಿಯುವ ಕೆಲಸವೂ ಇಲ್ಲ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು. ತಗಡಿನ ಬಕೆಟ್ಟನ್ನು ಮೈಲುತುತ್ತ ತಿಂದು ಹಾಕುತ್ತದೆ, ನಮ್ಮಲ್ಲಿ ಒಂದು ತೂತಾಗಿ ಬಿದ್ದಿದೆ.

ಅಳತೆ ಎಲ್ಲರಿಗೂ ಗೊತ್ತಿರುವುದೇ: 100 ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತೇನೆ, ಸುಣ್ಣವನ್ನು ತುತ್ತಕ್ಕಲ್ಲ. ಆಮೇಲೆ ಕತ್ತಿಯ ಪರೀಕ್ಷೆ. ಮಸೆದ ಕತ್ತಿಯ ಬಾಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಕೆಂಪಗೆ ತಾಮ್ರ ಹಿಡಿಯಬಾರದು. ಹಿಡಿದರೆ ಇನ್ನಷ್ಟು ಸುಣ್ಣದ ನೀರು. ತುತ್ತ ಹೆಚ್ಚಾದರೆ ಮಿಳ್ಳೆ, ಅಂದರೆ ಎಳೆ ಕಾಯಿ, ಸುಟ್ಟು ಉದುರುತ್ತದೆ ಅಂತ ಇದನ್ನು ಹಿರಿಯರು ಮಾಡುತ್ತಿದ್ದರು. ಮೇಲೆ ಹತ್ತಿದವನ ಕಣ್ಣಿಗೂ ಇದೇ ಪರೀಕ್ಷೆ ಅಂತ ನನಗೆ ಹೊಳೆದದ್ದು ತಡವಾಗಿ.

ಇದು ನಮ್ಮ ಔಷಧಿಯಾಗುವ ಮೊದಲು ಫ್ರಾನ್ಸಿನಲ್ಲಿ ಕಳ್ಳರನ್ನು ಓಡಿಸಲು ಬಳಸುತ್ತಿದ್ದದ್ದು. ರಸ್ತೆ ಬದಿಯ ದ್ರಾಕ್ಷಿಗೆ ನೀಲಿ ಬಳಿದರೆ ನೋಡಿದವರು ವಿಷ ಅಂದುಕೊಂಡು ಮುಟ್ಟುವುದಿಲ್ಲ ಅಂತ. ಆ ಬಳ್ಳಿಗಳಿಗೆ ರೋಗ ಕಡಿಮೆ ಇದ್ದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಮೇಲೆ ಕೆಲಸ ಮಾಡಿ ಅದನ್ನು ಅಡಿಕೆಗೆ ಒಗ್ಗಿಸಿದವರು ಕೆನಡಾದ ಲೆಸ್ಲಿ ಕೋಲ್ಮನ್. ಫ್ರಾನ್ಸಿನ ಕಳ್ಳರಿಗಿದ್ದ ಹೆದರಿಕೆ ನಮಗೆ ಇರಲಿಲ್ಲ, ಅಷ್ಟೇ.

ಮರದ ಮೇಲಿನ ಕತೆ ಬೇರೆ. ಕೊನೆಗಾರನಿಗೂ ಕನ್ನಡಕ ಕೊಟ್ಟೆ. ಎರಡು ಮರ ಹತ್ತಿ ಕೆಳಗೆ ಎಸೆದ. "ಗೌಡ್ರೇ, ಮಂಜು ಕಟ್ಟಿ ಕಾಲು ಇಡೋ ಜಾಗ ಕಾಣಲ್ಲ. ಕಣ್ಣು ಉಳಿಸಕ್ಕೆ ಹೋಗಿ ಸೊಂಟ ಮುರ್ಕೊಳ್ಲಾ?" ಅಂದ. ಅವನು ಹೇಳಿದ್ದು ಸರಿ. ಅಗಲ ಅಂಚಿನ ಅಡಿಕೆ ಹಾಳೆ ಟೊಪ್ಪಿ ಅವನಿಗೆ ಸಾಕು ಅಂತ ಒಪ್ಪಿಕೊಂಡೆ. ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು ಹೊಡೆಯುತ್ತಾನೆ. ಗಾಳಿ ಜೋರಾದರೆ ಇಳಿಯುತ್ತಾನೆ, ನಾನು ಗೊಣಗುವುದಿಲ್ಲ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ನೆಲದಿಂದಲೇ ಹೊಡೆಯುವವರಿಗೆ ಮಾತ್ರ ಕನ್ನಡಕ ಬೇಕೇ ಬೇಕು, ಅವರು ಮುಖವೆತ್ತಿ ನೋಡುತ್ತಾ ನಿಲ್ಲುವವರು. ಹಾಂ, ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ತಂತಿಯ ಹತ್ತಿರದ ಮರಗಳನ್ನು ನಾನು ದೋಟಿಯಲ್ಲಿ ಮುಟ್ಟಿಸುವುದಿಲ್ಲ.

ಅವನದು ಇನ್ನೊಂದು ಅಭ್ಯಾಸವಿತ್ತು. ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಲ್ಲಿ ಊದುವುದು. ಬೈದು ಪ್ರಯೋಜನವಿಲ್ಲ. ಐವತ್ತು ಅಡಿ ಮೇಲೆ ಅವನ ಹತ್ತಿರ ಇರುವುದು ಬಾಯಿ ಮಾತ್ರ. ಹಾಗಾಗಿ ಸುಣ್ಣವನ್ನು ಹಳೇ ಪಂಚೆಯಲ್ಲಿ ಎರಡು ಸಲ ಸೋಸುತ್ತೇನೆ, ಅವನ ಜೇಬಿಗೆ ಇನ್ನೊಂದು ನಾಜಲ್ ಹಾಕಿ ಕಳಿಸುತ್ತೇನೆ. ಈಗ ಊದುವುದು ನಿಂತಿದೆ. ಕವಳ ಮಾತ್ರ ಕೆಳಗಿಳಿದು, ಸೋಪು ಹಾಕಿ ಕೈ ತೊಳೆದ ಮೇಲೆ.

ಡ್ರಮ್ಮು ತೊಳೆದ ನೀರಿನ ವಿಷಯದಲ್ಲಿ ನಾನೇ ಅಪರಾಧಿ. ಒಂದು ವರ್ಷ ಹಳ್ಳದಲ್ಲಿ ತೊಳೆದೆ. ಮಾರನೇ ದಿನ ಗುಂಡಿಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಾಮ್ರ ಮೀನಿಗೆ ಆಗುವುದಿಲ್ಲ. ಈಗ ಆ ನೀರು ಮುಂದಿನ ಡ್ರಮ್ಮಿಗೇ ಹೋಗುತ್ತದೆ, ಕೊನೆಯದು ತೋಟದೊಳಗೆ, ಅಬ್ಬಿಯಿಂದ ದೂರ. ಔಷಧಿ ಬಿದ್ದ ಹುಲ್ಲನ್ನು ಒಂದೆರಡು ಒಳ್ಳೆ ಮಳೆ ಬೀಳುವವರೆಗೆ ದನಕ್ಕೆ ಕೊಯ್ಯುವುದಿಲ್ಲ.

ಉಳಿದ ಮೈಲುತುತ್ತ ಮೊದಲು ಅಡುಗೆಮನೆ ಅಟ್ಟದಲ್ಲಿ ಹಾರ್ಲಿಕ್ಸ್ ಬಾಟ್ಲಿಯೊಳಗೆ ಇರುತ್ತಿತ್ತು. ತಂಗಿಯ ಮಗಳು ಒಮ್ಮೆ ಅದನ್ನು ತೋರಿಸಿ "ಮಾವಾ, ನೀಲಿ ಕಲ್ಲುಸಕ್ಕರೆ ಕೊಡು" ಅಂದಳು. ನನಗೆ ಕೈಕಾಲು ತಣ್ಣಗಾಯಿತು. ನುಂಗಿದರೆ ಹೊಟ್ಟೆ, ಲಿವರ್, ಕಿಡ್ನಿ ಎಲ್ಲವನ್ನೂ ಹಾಳು ಮಾಡುವ ವಸ್ತು ಅದು. ವಾಂತಿ ಮಾಡಿಸುತ್ತಾ ಕೂರದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕಾದದ್ದು. ಈಗ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ, ಬೀಗದೊಳಗೆ, ಅಂಗಡಿಯಿಂದ ಬಂದ ಚೀಲದಲ್ಲೇ ಇದೆ.

ಔಷಧಿಯ ಎರಡನೇ ಸುತ್ತು ಮೊದಲ ಸುತ್ತು ಮುಗಿದ 40-45 ದಿನಕ್ಕೆ, ಪುನರ್ವಸು ಇಲ್ಲವೇ ಪುಷ್ಯ ಮಳೆ ಬಿಡುವು ಕೊಟ್ಟಾಗ. ಎರಡು ಕನ್ನಡಕ ತಂದಿದ್ದೆ, ಒಂದು ಕಾಣೆಯಾಗಿತ್ತು. ಮೊನ್ನೆ ಕೊನೆಗಾರನ ಮಗ ಅದನ್ನೇ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಿದ್ದ. ಕೇಳಲಿಲ್ಲ. ಇನ್ನೊಂದು ತರಬೇಕು.